ಜುಹು ದಂಡೆ: ತಿಥಿ ನೋಡಿ ಸಮುದ್ರ ಹೇಳುವ ಲೆಕ್ಕ

ಮುಂಬೈಯಲ್ಲಿ ಭೂಗೋಳ ಓದುತ್ತಿರುವ ನಮ್ಮ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿ. ಕಡಲ ದಂಡೆಯ ಒಂದು ಬಡಾವಣೆಯ ಬಗ್ಗೆ ಬರೆಯಿರಿ ಅಂದಾಗ ನಾನು ಮುಂಬೈಯ ಜುಹು ಆರಿಸಿಕೊಂಡೆ. ಚೌಪಾಟಿ, ಪಾವ್ ಭಾಜಿ, ನಟರ ಬಂಗಲೆ ಎಲ್ಲರಿಗೂ ಗೊತ್ತು, ಬಿಡಿ.

ನೆಲ

ಜುಹು ಮೊದಲು ದ್ವೀಪವಾಗಿತ್ತು. 19ನೇ ಶತಮಾನದಲ್ಲಿ ಅದು ಸಾಲ್ಸೆಟ್‌ನ (ಮುಂಬೈ ಉಪನಗರಗಳಿರುವ ದೊಡ್ಡ ದ್ವೀಪ) ಪಶ್ಚಿಮಕ್ಕೆ ಚಾಚಿಕೊಂಡಿದ್ದ ಮರಳ ದಿಬ್ಬ. ಉದ್ದ ಜಾಸ್ತಿ, ಅಗಲ ಕಡಿಮೆ. ಎತ್ತರವೂ ಸಮುದ್ರಮಟ್ಟಕ್ಕಿಂತ ಸ್ವಲ್ಪವೇ ಮೇಲೆ. ನಡುವಿನ ನೀರು ಇಳಿದಾಗ ಜನ ನಡೆದೇ ದಾಟುತ್ತಿದ್ದರು. ದಕ್ಷಿಣಕ್ಕೆ ಬಾಂದ್ರಾದಲ್ಲಿ ಕಪ್ಪು ಬಸಾಲ್ಟ್ ಬಂಡೆ ನೇರ ಸಮುದ್ರಕ್ಕೆ ಇಳಿದಿದೆ. ಉತ್ತರಕ್ಕೆ ವರ್ಸೋವಾ ಖಾಡಿ, ಅಂದರೆ ಸಮುದ್ರ ಒಳಗೆ ಚಾಚಿದ ಹಿನ್ನೀರು. ಮಧ್ಯದಲ್ಲಿ ಈ ಮರಳು.

"ಇಳಿದಾಗ ನಡೆದೇ ದಾಟುತ್ತಿದ್ದರು" ಅನ್ನುವುದನ್ನು ಗುರುತು ಹಾಕಿಕೊಳ್ಳಿ. ಜುಹುವಿನ ಅರ್ಧ ಕಥೆ ಅದರಲ್ಲೇ ಇದೆ.

ಉಬ್ಬರ ಇಳಿತ (ಇಲ್ಲೇ ತಲೆ ಕೆಡೋದು)

ಮಲ್ಪೆ, ಪಣಂಬೂರು ನೋಡಿ ಬೆಳೆದವರಿಗೆ ಇದು ಬೇಗ ಹತ್ತುವುದಿಲ್ಲ. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಅಂತರ ದೊಡ್ಡ ದಿನಗಳಲ್ಲೂ ಒಂದೂವರೆ ಮೀಟರ್ ಆಸುಪಾಸು. ಮುಂಬೈಯಲ್ಲಿ ಅದು 4 ಮೀಟರ್ ದಾಟುತ್ತದೆ. ಮುಂಬೈ ಎದುರು ಕಡಲಡಿಯ ಆಳವಿಲ್ಲದ ನೆಲ ತುಂಬಾ ದೂರ ಹರಡಿದೆ. ಉತ್ತರಕ್ಕೆ ಖಂಭಾತ್ ಕೊಲ್ಲಿಯ ಕಡೆ ಹೋದಂತೆ ನೀರಿಗೆ ಜಾಗ ಇಕ್ಕಟ್ಟು. ಹಾಗಾಗಿ ಉಬ್ಬರದ ನೀರು ಇನ್ನೂ ಮೇಲೆ ಏಳುತ್ತದೆ.

ಈಗ ಎಡವುವ ಜಾಗ. ಅಮಾವಾಸ್ಯೆ, ಹುಣ್ಣಿಮೆಗೆ "ದೊಡ್ಡ ಉಬ್ಬರ" ಅಂತ ಪುಸ್ತಕ ಹೇಳುತ್ತದೆ. ಅಂದರೆ ಅವತ್ತು ಇಡೀ ದಿನ ಸಮುದ್ರ ತುಂಬಿರುತ್ತದಾ? ಇಲ್ಲ. ಅವತ್ತು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ನೀರು ಸುಮಾರು 4.5 ಮೀಟರ್‌ವರೆಗೆ ಏರಿ, ಆರು ಗಂಟೆಯಲ್ಲಿ ಅರ್ಧ ಮೀಟರ್ ಹತ್ತಿರ ಬಂದುಬಿಡುತ್ತದೆ. ಅಷ್ಟಮಿ ಸುತ್ತಮುತ್ತ ಹಾಗಲ್ಲ. ಏರಿದರೂ ಅಷ್ಟಕ್ಕಷ್ಟೇ, ಇಳಿದರೂ ಅಷ್ಟಕ್ಕಷ್ಟೇ. ದಿನಕ್ಕೆ ಎರಡು ಸಲ ಉಬ್ಬರ ಬರುವುದು ಒಂದು ಲೆಕ್ಕ. ಹದಿನೈದು ದಿನಕ್ಕೊಮ್ಮೆ ಆ ಉಬ್ಬರ ದೊಡ್ಡದಾಗುವುದು ಬೇರೆ ಲೆಕ್ಕ. ಎರಡನ್ನೂ ಕಲಸಬೇಡಿ.

ದಂಡೆಯ ಮೇಲೆ ಇದು ಹೇಗೆ ಕಾಣುತ್ತದೆ? ಪ್ರತಿ 40 ಮೀಟರ್‌ಗೆ 1 ಮೀಟರ್ ಇಳಿಜಾರು ಅಂದುಕೊಳ್ಳಿ. ನೀರು 4 ಮೀಟರ್ ಇಳಿದರೆ 160 ಮೀಟರ್ ಹೊಸ ದಂಡೆ. ಒಂದೂವರೆ ಮೀಟರ್ ಇಳಿದರೆ 60 ಮಾತ್ರ. ನೀರು ಹಿಂದೆ ಹೋದ ಹಸಿ ಮರಳಲ್ಲಿ ಕೂತು ನೋಡಿ. ಸಾಸಿವೆ, ಮೆಣಸಿನ ಗಾತ್ರದ ಮರಳುಂಡೆಗಳು ಒಂದು ತೂತಿನ ಸುತ್ತ ಸಾಲಾಗಿ ಬಿದ್ದಿರುತ್ತವೆ. ಪುಟ್ಟ ಏಡಿಗಳು ಮರಳಲ್ಲಿರುವ ಆಹಾರ ತಿಂದು ಮಿಕ್ಕಿದ್ದನ್ನು ಉಂಡೆ ಮಾಡಿ ಬಿಸಾಕಿರುತ್ತವೆ. ಮುಂದಿನ ಉಬ್ಬರ ಎಲ್ಲ ಅಳಿಸುತ್ತದೆ. ಮಳೆಗಾಲದಲ್ಲಿ ಇದರ ಬದಲು ಕಪ್ಪು ಎಣ್ಣೆಜಿಡ್ಡಿನ ಉಂಡೆ, ರಾಶಿ ಪ್ಲಾಸ್ಟಿಕ್.

ನನ್ನ ಇಷ್ಟದ ಮುಕ್ಕಾಲು ಸೂತ್ರ

ಇದು ಕೊಂಕಣ ಕರಾವಳಿಯವರ ಹಳೇ ಲೆಕ್ಕ. ತಿಥಿಯನ್ನು ಮುಕ್ಕಾಲರಿಂದ ಗುಣಿಸಿ, ಉಬ್ಬರದ ಗಂಟೆ ಸಿಗುತ್ತದೆ. ಚೌತಿ ಅಂದರೆ 4, ಮುಕ್ಕಾಲು ಪಾಲು 3. ಅಂದರೆ ಹಗಲು 3ಕ್ಕೂ ರಾತ್ರಿ 3ಕ್ಕೂ ಉಬ್ಬರ. ಅಷ್ಟಮಿಗೆ 6. ಏಕಾದಶಿಗೆ ಎಂಟೂಕಾಲು. ಹುಣ್ಣಿಮೆ ಆದ ಮೇಲೆ ಪಾಡ್ಯದಿಂದ ಮತ್ತೆ 1 ಅಂತ ಎಣಿಸಿ, 16 ಅಂತಲ್ಲ. ಇಳಿತ ಬೇಕಿದ್ದರೆ ಆರು ಗಂಟೆ ಕೂಡಿಸಿ.

ಯಾಕೆ ಮುಕ್ಕಾಲು? ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡ ಮಾಡುತ್ತಾನೆ, ಉಬ್ಬರವೂ ಅವನ ಹಿಂದೆ. ಮುಕ್ಕಾಲು ಗಂಟೆ ಅಂದರೆ 45 ನಿಮಿಷ, ಬಾಯಿಲೆಕ್ಕಕ್ಕೆ ಸುಲಭ. ಆಚೀಚೆ ಒಂದು ಗಂಟೆ ತಪ್ಪಬಹುದು. ನೀರಿಗಿಳಿಯೋರು ಇದನ್ನು ನಂಬಬೇಡಿ, ಅಚ್ಚಾದ ಉಬ್ಬರದ ಪಟ್ಟಿ ನೋಡಿ.

ಮಜಾ ಏನು ಗೊತ್ತಾ? ಹುಣ್ಣಿಮೆಗೆ 15ರ ಮುಕ್ಕಾಲು ಹನ್ನೊಂದೂಕಾಲು. ಅದಕ್ಕೆ ಆರು ಕೂಡಿಸಿದರೆ ಸಂಜೆ ಐದೂಕಾಲು. ಅಂದರೆ ಹುಣ್ಣಿಮೆ, ಅಮಾವಾಸ್ಯೆಯ ಸಂಜೆ, ಜನ ಬರುವ ಹೊತ್ತಿಗೆ ಸರಿಯಾಗಿ, ಜುಹು ದಂಡೆ ಅತಿ ಅಗಲ. ಅನಂತ ಚತುರ್ದಶಿಗೆ 14ರ ಲೆಕ್ಕ ಹಾಕಿ: ರಾತ್ರಿ ಹತ್ತೂವರೆಗೆ ಉಬ್ಬರ, ಸಂಜೆ ನಾಲ್ಕೂವರೆಗೆ ಇಳಿತ. ಸಂಜೆ ಗಣಪತಿ ಮುಳುಗಿಸಲು ಬಂದವರು ಹಸಿ ಮರಳಲ್ಲಿ ತುಂಬಾ ದೂರ ನಡೆಯಬೇಕು.

ವಿಮಾನ

ದಿಬ್ಬಕ್ಕೂ ಊರಿಗೂ ನಡುವಿನ ತಗ್ಗಲ್ಲಿ 1928ರಲ್ಲಿ ವಿಮಾನ ನಿಲ್ದಾಣ ಬಂತು, ದೇಶದ ಮೊದಲ ನಾಗರಿಕ ನಿಲ್ದಾಣ. 1932ರ ಅಕ್ಟೋಬರ್ 15ರಂದು ಜೆಆರ್‌ಡಿ ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಟಪಾಲು ತಂದು ಇಳಿದದ್ದು ಇಲ್ಲೇ. ಆದರೆ ತಗ್ಗು ತಗ್ಗೇ ಅಲ್ವಾ! ಮಳೆಗಾಲದಲ್ಲಿ ಕೆಸರು ತುಂಬಿ, ಟಾಟಾ ವಿಮಾನಗಳು ಪುಣೆಗೆ ಹೋಗುತ್ತಿದ್ದವು. ಇವತ್ತಿಗೂ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಮಿತಿ ಇರುವುದಕ್ಕೆ ಈ ನಿಲ್ದಾಣವೂ ಒಂದು ಕಾರಣ. ಇನ್ನು ಜುಹುವಿನ ಪೃಥ್ವಿ ಥಿಯೇಟರ್ (ನಾಟಕಶಾಲೆ) ಕಟ್ಟಡ, ಇಸ್ಕಾನ್ ದೇವಸ್ಥಾನ ಎರಡೂ 1978ರವು. ಒಂದಂಕದ ಪ್ರಶ್ನೆಗೆ ಸಾಕು.

ಚರಂಡಿ

ಮಳೆನೀರಿನ ಚರಂಡಿಗಳ ಬಾಯಿ ತಗ್ಗಿನಲ್ಲಿದೆ. ದೊಡ್ಡ ಉಬ್ಬರ ಬಂದಾಗ ನೀರು ಹೊರಗೆ ಹೋಗುವುದಿಲ್ಲ, ಗೇಟು ಮುಚ್ಚಿ ಪಂಪ್ ಹೊಡೆಯಬೇಕು. ಜುಹು ಪಕ್ಕದ ಇರ್ಲಾದ ಪಂಪಿಂಗ್ ಸ್ಟೇಷನ್ ಇರುವುದು ಅದಕ್ಕೇ. 2005ರ ಜುಲೈ 26ರಂದು ಪಕ್ಕದ ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ ಬಿತ್ತು, ಮಧ್ಯಾಹ್ನ ಉಬ್ಬರವೂ ಜೊತೆಯಾಯಿತು. ಪರೀಕ್ಷೆಯ ಉತ್ತರದಲ್ಲಿ ಮಳೆಯ ಅಂಕಿ ಮಾತ್ರ ಬರೆದರೆ ಅರ್ಧ ಅಂಕ. ಉಬ್ಬರವನ್ನೂ ಸೇರಿಸಿ.