ಪ್ರಿ-ಪ್ರೊಡಕ್ಷನ್ ಟೆಸ್ಟಿಂಗ್: ಟೆಸ್ಲಾ ಮಾಡೆಲ್ 3 ಇಟ್ಟುಕೊಂಡು ಒಂದು ಟಿಪ್ಪಣಿ

ಹೊಸ ಕಾರಿನ ಟೆಸ್ಟಿಂಗ್ ಅಂದ ಕೂಡಲೇ ಮೈತುಂಬ ಕಪ್ಪು-ಬಿಳಿ ಸ್ಟಿಕರ್ ಅಂಟಿಸಿಕೊಂಡು ಹಿಮದಲ್ಲಿ ಓಡುವ ಕಾರು ನೆನಪಾಗುತ್ತದೆ, ಅಲ್ವಾ? ಅದು ಅರ್ಧ ಮಾತ್ರ. ದೊಡ್ಡ ಪ್ರಮಾಣದ ತಯಾರಿಕೆಗೆ ಮುಂಚಿನ ಈ ಹಂತದಲ್ಲಿ ಕಾರಿನ ಜೊತೆ ಕಾರ್ಖಾನೆಯೂ ಪರೀಕ್ಷೆಗೆ ಕೂತಿರುತ್ತದೆ. ಟೆಸ್ಲಾ ಕಂಪನಿಯ ವಿದ್ಯುತ್ ಕಾರು ಮಾಡೆಲ್ 3ರ ಕಥೆ ಓದಿದ ಮೇಲೇ ನನಗೆ ಇದು ಸರಿಯಾಗಿ ತಲೆಗೆ ಹೋಗಿದ್ದು.

ಮೊದಲು ಹಂತಗಳು. ಬೇರೆ ಕಾರಿನ ಬಾಡಿಯೊಳಗೆ ಹೊಸ ಮೋಟಾರು, ಬ್ಯಾಟರಿ ಕೂರಿಸಿ ಓಡಿಸಿದರೆ ಅದು ಮ್ಯೂಲ್. ಆಮೇಲೆ ಕೈಯಲ್ಲೇ ಕಟ್ಟಿದ ಪ್ರೊಟೊಟೈಪ್. ಅದರ ನಂತರ ಸಾಫ್ಟ್ ಟೂಲಿಂಗ್. ಲೋಹದ ಹಾಳೆಯಿಂದ ಬಾಗಿಲು, ಬಾನೆಟ್ ಒತ್ತಲು ಡೈ, ಅಂದರೆ ಅಚ್ಚು ಬೇಕು. ಗಟ್ಟಿ ಸ್ಟೀಲಿನ ಡೈ ದುಬಾರಿ, ಮಾಡಲು ತಿಂಗಳುಗಳೇ ಹಿಡಿಯುತ್ತವೆ, ಆಮೇಲೆ ತಿದ್ದುವುದು ಕಷ್ಟ. ಅದಕ್ಕೆ ಮೊದಲು ಮೆತ್ತನೆ ಲೋಹದ ಅಗ್ಗದ ಡೈ ಮಾಡಿ ಒಂದಷ್ಟು ಕಾರು ಕಟ್ಟಿ ನೋಡುತ್ತಾರೆ. ಬಾಗಿಲು ಕೂರುತ್ತಿಲ್ಲ, ಗ್ಯಾಪ್ ಜಾಸ್ತಿ ಎಂಬುದೆಲ್ಲ ಇಲ್ಲೇ ಸಿಕ್ಕಿಬೀಳುತ್ತದೆ.

ಟೆಸ್ಲಾ ಈ ಮೆಟ್ಟಿಲನ್ನೇ ಬಿಟ್ಟು ಮುಂದೆ ಹೋಯಿತು. 2017ರ ಜುಲೈ 28ರಂದು ಮೊದಲ 30 ಕಾರು ಹಸ್ತಾಂತರವಾದವು. ಸೆಪ್ಟೆಂಬರ್ ಒಂದೇ ತಿಂಗಳಲ್ಲಿ 1,500ಕ್ಕೂ ಹೆಚ್ಚು ಬರುತ್ತವೆ ಎಂದು ಟೆಸ್ಲಾ ಮುಖ್ಯಸ್ಥ ಎಲಾನ್ ಮಸ್ಕ್ ಹೇಳಿದ್ದರು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಒಟ್ಟು ಬಂದದ್ದು 260.

ಸಾಫ್ಟ್ ಟೂಲಿಂಗ್ ಬಿಟ್ಟಿದ್ದಕ್ಕೇ ಹೀಗಾಯಿತು ಎಂದು ಉತ್ತರ ಪತ್ರಿಕೆಯಲ್ಲಿ ಬರೆದುಬಿಡಬೇಡಿ! ಮುಖ್ಯವಾಗಿ ಕೈಕೊಟ್ಟದ್ದು ಅಮೆರಿಕದ ನೆವಾಡಾದಲ್ಲಿರುವ ಗಿಗಾಫ್ಯಾಕ್ಟರಿ ಎಂಬ ಟೆಸ್ಲಾ ಬ್ಯಾಟರಿ ಕಾರ್ಖಾನೆಯ ಮಾಡ್ಯೂಲ್ ಲೈನ್, ಅಂದರೆ ಬ್ಯಾಟರಿ ಸೆಲ್ಲುಗಳನ್ನು ಗುಂಪು ಗುಂಪಾಗಿ ಜೋಡಿಸುವ ಯಂತ್ರಗಳ ಸಾಲು. ಕಾರು ಓಡುತ್ತಿತ್ತು, ಅದನ್ನು ಕಟ್ಟಬೇಕಾದ ಲೈನ್ ಓಡುತ್ತಿರಲಿಲ್ಲ.

ಮಸ್ಕ್ ಆಮೇಲೆ ಹೇಳಿಕೊಂಡ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. ಬ್ಯಾಟರಿ ಪ್ಯಾಕಿನ ಮೇಲೆ ಫೈಬರ್‌ಗ್ಲಾಸ್ ಹಾಸು ಇಡಲು ಒಂದು ರೋಬೊ ಇತ್ತು. ಆ ನವಿರು ಹಾಸನ್ನು ಎತ್ತಲು ಅದಕ್ಕೆ ಬರುತ್ತಿರಲಿಲ್ಲ, ಲೈನ್ ನಿಂತುಬಿಡುತ್ತಿತ್ತು. ಹಾಸು ಯಾಕೆ ಬೇಕು ಎಂದು ಕೇಳಿದರೆ ಬ್ಯಾಟರಿ ಸುರಕ್ಷತೆಯವರು ‘ಸದ್ದು ತಡೆಯಲು’ ಎಂದರು. ಸದ್ದಿನ ತಂಡದವರು ‘ಬೆಂಕಿ ತಡೆಯಲು’ ಎಂದರು. ಕೊನೆಗೆ ಹಾಸಿರುವ ಕಾರು, ಇಲ್ಲದ ಕಾರು, ಎರಡರೊಳಗೂ ಮೈಕ್ ಇಟ್ಟು ಕೇಳಿದರು. ವ್ಯತ್ಯಾಸವೇ ಇಲ್ಲ! ಹಾಸನ್ನೇ ತೆಗೆದುಹಾಕಿದರು. ಇಷ್ಟು ಸಣ್ಣ ಪರೀಕ್ಷೆ, ಲೈನ್ ಹಾಕುವ ಮೊದಲೇ ಮಾಡಬಹುದಿತ್ತು. ವಾರಕ್ಕೆ 5,000 ಕಾರು ಎಂಬ ಗುರಿಯನ್ನು 2017ರ ಕೊನೆಗೆ ಇಟ್ಟುಕೊಂಡಿದ್ದರು, ಮುಟ್ಟಿದ್ದು 2018ರ ಜೂನ್ ಕೊನೆಗೆ.

ಕಾರಿನ ಕಡೆಯಿಂದಲೂ ಒಂದು ಉದಾಹರಣೆ. 2018ರ ಮೇನಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಮಾಡೆಲ್ 3ರ ಬ್ರೇಕ್ ಪರೀಕ್ಷಿಸಿತು. ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿ.ಮೀ. ವೇಗದಿಂದ ನಿಲ್ಲಲು 152 ಅಡಿ ಬೇಕಾಯಿತು. ಫೋರ್ಡ್ ಎಫ್-150 ಪಿಕಪ್ ಕೂಡ ಅದಕ್ಕಿಂತ ಬೇಗ ನಿಲ್ಲುತ್ತದೆ. ಗಮನಿಸಿ, ಮೊದಲ ಸಲ ಒತ್ತಿದಾಗ ಕಾರು ಸುಮಾರು 130 ಅಡಿಯಲ್ಲೇ ನಿಂತಿತ್ತು. ರಾತ್ರಿಯಿಡೀ ಬ್ರೇಕ್ ತಣ್ಣಗಾಗಲು ಬಿಟ್ಟು ನೋಡಿದರೂ ಆ ಅಂಕಿ ಮತ್ತೆ ಬರಲಿಲ್ಲ. ಇನ್ನೊಂದು ಕಾರು ತಂದರೂ ಅದೇ ಕಥೆ. ಒಂದೇ ಸಲ ಅಳೆದು ಬಿಟ್ಟಿದ್ದರೆ ಬ್ರೇಕ್ ಪಾಸ್ ಆಗುತ್ತಿತ್ತು.

ದೋಷ ಇದ್ದದ್ದು, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ವ್ಯವಸ್ಥೆಯ ಕ್ಯಾಲಿಬ್ರೇಶನ್‌ನಲ್ಲಿ. ಕೆಲವೇ ದಿನಗಳಲ್ಲಿ ಟೆಸ್ಲಾ ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸಿತು. ಮರುಪರೀಕ್ಷೆಯಲ್ಲಿ ಕಾರು 133 ಅಡಿಯಲ್ಲಿ ನಿಂತಿತು. ಅದಕ್ಕಾಗಿ ಯಾರೂ ಸ್ಪ್ಯಾನರ್ ಹಿಡಿಯಬೇಕಾಗಿರಲಿಲ್ಲ.