ಬಿ.ಕಾಂ ಸೇರುವ ಮುಂಚೆ: ಸೀಟಿಗೆ ಏನು ಬೇಕು, ಕ್ಲಾಸಿಗೆ ಏನು ಬೇಕು

ನಾನು ಪಿಯುಸಿಯಲ್ಲಿ ಪಿಸಿಎಂಬಿ ಓದಿ ಬಿ.ಕಾಂಗೆ ಬಂದವಳು. ಸೀಟು ಸುಲಭವಾಗಿ ಸಿಕ್ಕಿತು. ಮೊದಲ ವಾರ ಅಕೌಂಟ್ಸ್ ಮೇಡಂ ಬೋರ್ಡಿನ ಮೇಲೆ ಎರಡು ಕಾಲಂ ಎಳೆದು, "ಫೈನಲ್ ಅಕೌಂಟ್ಸ್ ಎಲ್ಲರಿಗೂ ಬರುತ್ತೆ ಅಲ್ವಾ, ಮುಂದಕ್ಕೆ ಹೋಗೋಣ" ಅಂದರು. ವರ್ಷದ ಕೊನೆಗೆ ಲಾಭ-ನಷ್ಟ, ಆಸ್ತಿ-ಜವಾಬ್ದಾರಿ ತೋರಿಸುವ ಪಟ್ಟಿಗಳೇ ಫೈನಲ್ ಅಕೌಂಟ್ಸ್. ಸುತ್ತ ಕೂತವರೆಲ್ಲ ತಲೆಯಾಡಿಸಿದರು. ನನಗೆ ಡೆಬಿಟ್ ಯಾವ ಕಡೆ ಬರುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಅದನ್ನು ಸರಿಮಾಡಿಕೊಳ್ಳುವುದಕ್ಕೆ ಇಡೀ ಮೊದಲ ಸೆಮಿಸ್ಟರ್ ಬೇಕಾಯಿತು.

ಅದಕ್ಕೇ ಈ ಟಿಪ್ಪಣಿಯಲ್ಲಿ ಸೀಟಿಗೆ ಬೇಕಾದದ್ದನ್ನು ಒಂದು ಕಡೆ, ಕ್ಲಾಸಿಗೆ ಬೇಕಾದದ್ದನ್ನು ಇನ್ನೊಂದು ಕಡೆ ಇಟ್ಟಿದ್ದೇನೆ. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ನನಗೆ ಯಾರೂ ಹೇಳಿರಲಿಲ್ಲ.

ಸೀಟಿಗೆ

ನಮ್ಮ ಕರ್ನಾಟಕದಲ್ಲಿ ಅಕೌಂಟಿಂಗ್ ಓದುವುದು ಅಂದರೆ ಸಾಮಾನ್ಯವಾಗಿ ಬಿ.ಕಾಂ. ಕೆಲವು ಕಾಲೇಜುಗಳಲ್ಲಿ ಬಿ.ಕಾಂ ಮುಂದೆ ಅಕೌಂಟಿಂಗ್ ಅಂಡ್ ಟ್ಯಾಕ್ಸೇಶನ್, ಲಾಜಿಸ್ಟಿಕ್ಸ್, ಟೂರಿಸಂ ಅಂತ ಒಂದು ಬಾಲ ಇರುತ್ತದೆ. ಆ ಹೆಸರನ್ನು ನೋಡಿ ನಿರ್ಧಾರ ಮಾಡಬೇಡಿ. ಯಾವ ಸೆಮಿಸ್ಟರಿನಲ್ಲಿ ಯಾವ ಪೇಪರ್ ಇದೆ ಅನ್ನುವ ಪಟ್ಟಿ ಕೇಳಿ ನೋಡಿ. ಯಾಕೆ ಅನ್ನುವುದು ಸಿಎ (ಚಾರ್ಟರ್ಡ್ ಅಕೌಂಟೆಂಟ್) ವಿಷಯ ಬಂದಾಗ ಗೊತ್ತಾಗುತ್ತದೆ.

ದ್ವಿತೀಯ ಪಿಯುಸಿ ಅಥವಾ ಅದಕ್ಕೆ ಸಮನಾದ 12ನೇ ತರಗತಿ ಪಾಸಾಗಿರಬೇಕು. ಇದೇ ಮುಖ್ಯ ಅರ್ಹತೆ. ಸೆಬಾ, ಸಿಬಾ, ಹೆಬಾ ಅಂತ ಕಾಮರ್ಸ್ ಕಾಂಬಿನೇಶನ್ ಓದಿದವರಿಗೆ ದಾರಿ ನೇರ. ಮೊದಲ ಅಕ್ಷರ ಸ್ಟ್ಯಾಟಿಸ್ಟಿಕ್ಸ್, ಕಂಪ್ಯೂಟರ್ ಸೈನ್ಸ್, ಹಿಸ್ಟರಿ ಅಂತ ಬದಲಾಗುತ್ತದೆ. ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಮೂರರಲ್ಲೂ ಒಂದೇ. ರಾಜ್ಯದ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಸೈನ್ಸ್, ಆರ್ಟ್ಸ್ ಓದಿದವರೂ ಬಿ.ಕಾಂ ಸೇರಬಹುದು. ನಾನು ಬಂದದ್ದೂ ಹಾಗೇ. ಪಿಯುಸಿಯಲ್ಲಿ ಗಣಿತ ಇರಲೇಬೇಕು ಅಂತೇನೂ ಇಲ್ಲ. ಆದರೆ ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಅಥವಾ ಬಿಸಿನೆಸ್ ಮ್ಯಾಥ್ಸ್ ಬರುತ್ತದೆ. ಶೇಕಡಾ, ಅನುಪಾತ, ಸರಾಸರಿ ಕೈಗೆ ಹತ್ತಿರವಾಗಿದ್ದರೆ ಸಾಕು, ಹೆದರುವಂಥದ್ದಲ್ಲ.

ಈ ವರ್ಷ ಒಂದೆರಡು ವಿಷಯ ಹೋಗಿದ್ದರೂ ಬೇಸರ ಬೇಡ. ಪಿಯುಸಿಯಲ್ಲಿ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ.

ರಾಜ್ಯದ ವಿಶ್ವವಿದ್ಯಾಲಯಗಳ ಕೆಳಗೆ ಬರುವ ಡಿಗ್ರಿ ಕಾಲೇಜುಗಳ ಪ್ರವೇಶ ಯುಯುಸಿಎಂಎಸ್ ಅನ್ನುವ ಸರ್ಕಾರದ ಆನ್‌ಲೈನ್ ಪೋರ್ಟಲ್ ಮೂಲಕ ನಡೆಯುತ್ತದೆ. ಅಲ್ಲಿ ಹಾಕುವ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇರಲಿ. ಇನಿಶಿಯಲ್ ಮುಂದೆಯೋ ಹಿಂದೆಯೋ ಅನ್ನುವಷ್ಟು ಸಣ್ಣ ವ್ಯತ್ಯಾಸಕ್ಕೂ ಆಮೇಲೆ ಓಡಾಟ ಜಾಸ್ತಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ, ಟಿಸಿ, ಆಧಾರ್, ಮೀಸಲಾತಿ ಇದ್ದರೆ ಆರ್‌ಡಿ ನಂಬರ್ ಇರುವ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಇಷ್ಟನ್ನು ಒಂದು ಫೈಲಿಗೆ ಹಾಕಿಡಿ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವಾಗಲೂ ಅದೇ ಆರ್‌ಡಿ ನಂಬರ್ ಬೇಕು. ಬೇರೆ ರಾಜ್ಯದ ಬೋರ್ಡಿನಿಂದ ಬಂದವರು ಮೈಗ್ರೇಶನ್ ಸರ್ಟಿಫಿಕೇಟ್ ಬೇಕೇ, ಎಲಿಜಿಬಿಲಿಟಿ ಪತ್ರ ಬೇಕೇ ಅಂತ ಕಾಲೇಜಿನ ಆಫೀಸಿನಲ್ಲಿ ಮೊದಲೇ ಕೇಳಿಬಿಡಿ.

ದಿನಾ ಕಾಲೇಜಿಗೆ ಹೋಗಲು ಆಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ ಇದೆ. ಇಗ್ನೋದಲ್ಲೂ ಇದೆ. ಅಂಗಡಿಯಲ್ಲಿ ಲೆಕ್ಕ ಬರೆಯುತ್ತಲೇ ಡಿಗ್ರಿ ಮುಗಿಸುವವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಕೆಲಸದಲ್ಲಿ ನೋಡಿದ್ದನ್ನೇ ಪುಸ್ತಕದಲ್ಲಿ ಓದುವುದರಿಂದ ವಿಷಯ ಬೇಗ ತಲೆಗೆ ಹೋಗುತ್ತದೆ.

ಮೂರು ವರ್ಷವೋ, ನಾಲ್ಕೋ?

ಇಲ್ಲಿ ತುಂಬಾ ಗೊಂದಲ ಇದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಶುರುವಾಯಿತು. 2023ರಲ್ಲಿ ಸರ್ಕಾರ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚಿಸಿತು. ಆಯೋಗದ ಮಧ್ಯಂತರ ವರದಿ ಬಂದ ಮೇಲೆ, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂತು. ಹಾಗಾಗಿ 2021, 2022, 2023ರಲ್ಲಿ ಸೇರಿದ ಸೀನಿಯರ್‌ಗಳ ಸಿಲಬಸ್ಸೇ ಬೇರೆ. ಅವರ ನೋಟ್ಸ್ ತೆಗೆದುಕೊಳ್ಳಿ, ಆದರೆ ಅವರ ಸೆಮಿಸ್ಟರ್ ಲೆಕ್ಕ ಹಿಡಿದು ಓದಬೇಡಿ. ನಿಮ್ಮ ವಿಶ್ವವಿದ್ಯಾಲಯದ ಈಗಿನ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಸಿಲಬಸ್ ಪಿಡಿಎಫ್ ಮೊಬೈಲಿನಲ್ಲಿ ಇರಲಿ.

ಇನ್ನೊಂದು ಮಾತು. ಬಿಬಿಎ, ಬಿಸಿಎ ಕೋರ್ಸುಗಳು 2024-25ರಿಂದ ಎಐಸಿಟಿಇ (ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ) ವ್ಯಾಪ್ತಿಗೆ ಬಂದಿವೆ, ಬಿ.ಕಾಂ ಬಂದಿಲ್ಲ. ಎರಡಕ್ಕೂ ಅರ್ಜಿ ಹಾಕುವವರು ಇದನ್ನು ಬೆರೆಸಿಕೊಳ್ಳಬೇಡಿ.

ಪೇಪರ್‌ಗಳ ಸರಪಳಿ

ಎರಡು ಭಾಷೆಗಳು, ಸಂವಿಧಾನಕ್ಕೆ ಸಂಬಂಧಿಸಿದ ಪೇಪರ್, ಮ್ಯಾನೇಜ್‌ಮೆಂಟ್, ಮಾರ್ಕೆಟಿಂಗ್, ಬ್ಯಾಂಕಿಂಗ್, ಕಾನೂನು ಎಲ್ಲ ಇರುತ್ತವೆ. ಸೆಮಿಸ್ಟರ್ ಸಂಖ್ಯೆ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಸ್ವಲ್ಪ ಬದಲಾಗುತ್ತದೆ. ಆದರೆ ಅಕೌಂಟ್ಸ್ ಪೇಪರ್‌ಗಳ ಸಾಲು ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮೊದಲು ಫೈನಾನ್ಶಿಯಲ್ ಅಕೌಂಟಿಂಗ್, ಆಮೇಲೆ ಅದರ ಅಡ್ವಾನ್ಸ್ಡ್ ಭಾಗ, ನಂತರ ಕಾರ್ಪೊರೇಟ್ ಅಕೌಂಟಿಂಗ್ (ಕಂಪನಿಗಳ ಲೆಕ್ಕ) ಮತ್ತು ಕಾಸ್ಟ್ ಅಕೌಂಟಿಂಗ್ (ತಯಾರಿಕೆಯ ವೆಚ್ಚದ ಲೆಕ್ಕ), ಕೊನೆಯ ವರ್ಷದ ಹೊತ್ತಿಗೆ ಆದಾಯ ತೆರಿಗೆ, ಜಿಎಸ್‌ಟಿ, ಆಡಿಟಿಂಗ್, ಮ್ಯಾನೇಜ್‌ಮೆಂಟ್ ಅಕೌಂಟಿಂಗ್.

ಮಾರ್ಕೆಟಿಂಗ್ ಕ್ಲಾಸ್ ಹದಿನೈದು ದಿನ ತಪ್ಪಿದರೂ ಮುಂದಿನ ಅಧ್ಯಾಯ ಅರ್ಥವಾಗುತ್ತದೆ. ಅಕೌಂಟ್ಸ್‌ನಲ್ಲಿ ಹಾಗಾಗುವುದಿಲ್ಲ. ಷೇರು ಹಂಚಿಕೆಯ ಎಂಟ್ರಿ ಬರದಿದ್ದರೆ ಕಾರ್ಪೊರೇಟ್ ಅಕೌಂಟಿಂಗ್ ನಿಲ್ಲುತ್ತದೆ. ಕಂಪನಿಯ ಲಾಭ-ನಷ್ಟ ಪಟ್ಟಿ ಓದಲು ಬರದಿದ್ದರೆ ಅನುಪಾತ ವಿಶ್ಲೇಷಣೆ ಸುಮ್ನೆ ಸೂತ್ರಗಳ ಬಾಯಿಪಾಠ ಆಗುತ್ತದೆ. ಇದೇ ಕಾರಣಕ್ಕೆ ಹಾಜರಾತಿಯ 75 ಶೇಕಡಾ ನಿಯಮವನ್ನು ನಾನು ಅಕೌಂಟ್ಸ್ ಪೇಪರಿಗೆ 100 ಶೇಕಡಾ ಅಂತಲೇ ಇಟ್ಟುಕೊಂಡೆ.

ತೆರಿಗೆ ಪುಸ್ತಕದ ಬಗ್ಗೆ ಒಂದು ಎಚ್ಚರಿಕೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಹಳೆಯ "ಪ್ರೀವಿಯಸ್ ಇಯರ್", "ಅಸೆಸ್‌ಮೆಂಟ್ ಇಯರ್" ಎರಡರ ಬದಲು ಈಗ "ಟ್ಯಾಕ್ಸ್ ಇಯರ್" ಅನ್ನುವ ಒಂದೇ ಪದ. ಸೆಕ್ಷನ್ ಸಂಖ್ಯೆಗಳೂ ಬದಲಾಗಿವೆ. ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವುದು ನನಗೂ ಇಷ್ಟ, ಆದರೆ ತೆರಿಗೆಗೆ ಬೇಡ. ನಿಮ್ಮ ಸಿಲಬಸ್ ಯಾವ ಕಾಯ್ದೆ ಹೇಳುತ್ತದೆ ಅಂತ ಮೇಷ್ಟ್ರನ್ನು ಕೇಳಿಯೇ ತೆಗೆದುಕೊಳ್ಳಿ.

ಸಿಎ ಮಾಡುವವರು ಇದನ್ನೂ ನೋಡಿ

ಸಿಎಗೆ ಎರಡು ಬಾಗಿಲು. ಪಿಯುಸಿ ಆದ ಮೇಲೆ ಸಿಎಯ ಮೊದಲ ಹಂತದ ಪರೀಕ್ಷೆ ಫೌಂಡೇಶನ್ ಬರೆಯುವುದು ಒಂದು. ನಾಲ್ಕು ಪೇಪರ್: ಅಕೌಂಟಿಂಗ್, ಬಿಸಿನೆಸ್ ಲಾ, ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್, ಬಿಸಿನೆಸ್ ಎಕನಾಮಿಕ್ಸ್. ಪ್ರತಿಯೊಂದಕ್ಕೂ 100 ಅಂಕ. ಒಂದೊಂದರಲ್ಲೂ ಕನಿಷ್ಠ 40 ಬರಬೇಕು, ಒಟ್ಟು 50 ಶೇಕಡಾ ಆಗಬೇಕು. ಕೊನೆಯ ಎರಡು ಪೇಪರ್ ಆಬ್ಜೆಕ್ಟಿವ್, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ.

ಇನ್ನೊಂದು ಬಾಗಿಲು ಡಿಗ್ರಿ ಮುಗಿಸಿ ನೇರವಾಗಿ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ಹೋಗುವುದು. ಕಾಮರ್ಸ್ ಪದವೀಧರರಿಗೆ 55 ಶೇಕಡಾ, ಬೇರೆಯವರಿಗೆ 60. ಆದರೆ ಆ 55ರ ಲೆಕ್ಕಕ್ಕೆ ಬರಬೇಕಾದರೆ ಅಕೌಂಟಿಂಗ್, ಆಡಿಟಿಂಗ್, ತೆರಿಗೆ, ಕಾಸ್ಟಿಂಗ್, ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟ್, ವಾಣಿಜ್ಯ ಕಾನೂನು ಇಂಥ ವಿಷಯಗಳಲ್ಲಿ ತಲಾ 100 ಅಂಕದ ಕನಿಷ್ಠ ಮೂರು ಪೇಪರ್ ಓದಿರಬೇಕು. ಕೋರ್ಸಿನ ಹೆಸರಿಗಿಂತ ಪೇಪರ್ ಪಟ್ಟಿ ನೋಡಿ ಅಂತ ಮೊದಲೇ ಹೇಳಿದ್ದು ಇದಕ್ಕೇ.

"ಬಿ.ಕಾಂ ಜೊತೆ ಎಸಿಸಿಎ" ಅಂತ ಈಗ ತುಂಬಾ ಜಾಹೀರಾತು ಬರುತ್ತಿದೆ. ಎಸಿಸಿಎ ಬ್ರಿಟನ್ನಿನ ಸಂಸ್ಥೆಯ ಅರ್ಹತೆ, ಒಟ್ಟು 13 ಪರೀಕ್ಷೆ. ಓದಿದ ಡಿಗ್ರಿ ನೋಡಿ ಕೆಲವಕ್ಕೆ ವಿನಾಯಿತಿ ಸಿಗುತ್ತದೆ. ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳ ಲೆಕ್ಕ ನೋಡುವ ಕೆಲಸಕ್ಕೆ ಇದು ಉಪಯೋಗ. ಆದರೆ ಭಾರತದ ಕಂಪನಿಯ ಶಾಸನಬದ್ಧ ಆಡಿಟ್ ವರದಿಗೆ ಸಹಿ ಹಾಕುವ ಹಕ್ಕು ಸಿಎಗೆ ಮಾತ್ರ. ಫೀಸು ಕಟ್ಟುವ ಮುಂಚೆ ಮನೆಯವರಿಗೆ ಈ ವ್ಯತ್ಯಾಸ ತಿಳಿಸಿ.

ಕ್ಲಾಸಿಗೆ

ಈಗ ನನ್ನ ಹಾಗೆ ಸೈನ್ಸ್ ಅಥವಾ ಆರ್ಟ್ಸ್‌ನಿಂದ ಬರುವವರಿಗೆ. ಡೆಬಿಟ್, ಕ್ರೆಡಿಟ್ ನಮ್ಮನ್ನು ಯಾಕೆ ಕಾಡುತ್ತದೆ ಗೊತ್ತಾ? ಬ್ಯಾಂಕಿನಿಂದ "ನಿಮ್ಮ ಖಾತೆಗೆ 2,500 ರೂ. ಕ್ರೆಡಿಟ್ ಆಗಿದೆ" ಅಂತ ಮೆಸೇಜ್ ಬರುತ್ತದೆ. ಮನೆಯಲ್ಲಿ "ದುಡ್ಡು ಜಮಾ ಆಯ್ತು" ಅನ್ನುತ್ತೇವೆ. ಹಾಗಾಗಿ ಕ್ರೆಡಿಟ್ ಅಂದರೆ ದುಡ್ಡು ಬಂದದ್ದು ಅಂತ ತಲೆಯಲ್ಲಿ ಕೂತಿರುತ್ತದೆ. ಕ್ಲಾಸಿಗೆ ಬಂದರೆ ದುಡ್ಡು ಬಂದಾಗ ಕ್ಯಾಶ್ ಖಾತೆಗೆ ಡೆಬಿಟ್! ಕನ್ನಡ ಪುಸ್ತಕ ತೆಗೆದರೆ ಇನ್ನೂ ಕಷ್ಟ. ಅಲ್ಲಿ ಡೆಬಿಟ್‌ಗೆ "ಖರ್ಚು" ಅಂತ ಬರೆಯುವುದುಂಟು. ದುಡ್ಡು ಬಂದರೆ ಖರ್ಚು ಹೇಗಾಗುತ್ತದೆ ಅಂತ ನಾನು ಎರಡು ವಾರ ಒದ್ದಾಡಿದ್ದೇನೆ.

ಆ ಮೆಸೇಜ್ ಬ್ಯಾಂಕಿನ ಪುಸ್ತಕದಿಂದ ಬಂದದ್ದು. ನೀವು ಇಟ್ಟ ದುಡ್ಡು ಬ್ಯಾಂಕಿಗೆ ಸಾಲ, ನಿಮಗೆ ವಾಪಸ್ ಕೊಡಬೇಕಾದದ್ದು. ಅದಕ್ಕೇ ಅವರು ನಿಮ್ಮನ್ನು ಕ್ರೆಡಿಟ್ ಮಾಡುತ್ತಾರೆ. ನಿಮ್ಮ ಪುಸ್ತಕದಲ್ಲಿ ಅದೇ ದುಡ್ಡು ಆಸ್ತಿ, ಆದ್ದರಿಂದ ಡೆಬಿಟ್. ಪ್ರತಿ ಲೆಕ್ಕಕ್ಕೂ ಮೊದಲು "ಇದು ಯಾರ ಪುಸ್ತಕ?" ಅಂತ ಕೇಳಿಕೊಂಡ ಮೇಲೆ ನನಗೆ ದಾರಿ ಕಂಡಿತು.

ಒಂದು ಹೊಲಿಗೆ ಅಂಗಡಿ ತೆಗೆದುಕೊಳ್ಳಿ. ಮಾಲಕಿ ತನ್ನ ಕೈಯಿಂದ 50,000 ರೂ. ಹಾಕಿದಳು. 18,000ಕ್ಕೆ ಮಿಷನ್ ಕೊಂಡಳು. 3,000 ಬಾಡಿಗೆ ಕೊಟ್ಟಳು. ಮೊದಲ ವಾರ ಹೊಲಿಗೆಯಿಂದ 2,500 ಬಂತು. ಎಲ್ಲವೂ ನಗದು. ಕ್ಯಾಶ್ ಈಗ 31,500, ಮಿಷನ್ 18,000, ಬಾಡಿಗೆ 3,000. ಇವು ಡೆಬಿಟ್ ಕಡೆ, ಒಟ್ಟು 52,500. ಕ್ರೆಡಿಟ್ ಕಡೆ ಬಂಡವಾಳ 50,000, ಹೊಲಿಗೆ ಆದಾಯ 2,500. ಒಟ್ಟು ಅದೇ 52,500. ಕನ್ನಡದಲ್ಲಿ ಇದಕ್ಕೆ ತಾಳೆಪಟ್ಟಿ ಅನ್ನುತ್ತಾರೆ. ಟ್ರಯಲ್ ಬ್ಯಾಲೆನ್ಸ್ ಅನ್ನುವುದಕ್ಕಿಂತ ನನಗೆ ಈ ಪದವೇ ಇಷ್ಟ, ಮಾಡುವ ಕೆಲಸವನ್ನೇ ಹೆಸರು ಹೇಳುತ್ತದೆ.

ಜಿಎಸ್‌ಟಿ ಬಂದಾಗಲೂ ಇದೇ ಮನಸ್ಸಿನಿಂದ ನೋಡಿ. ಮೈಸೂರಿನ ಅಂಗಡಿಯವರು 18 ಶೇಕಡಾ ತೆರಿಗೆಯ 10,000 ರೂ. ಮಾಲನ್ನು ಮಂಡ್ಯದಿಂದ ಮಾರಾಟಕ್ಕೆ ತಂದರೆ ಖರೀದಿ 10,000, ಇನ್‌ಪುಟ್ ಸಿಜಿಎಸ್‌ಟಿ (ಖರೀದಿಯಲ್ಲಿ ಕೊಟ್ಟ ತೆರಿಗೆಯ ಕೇಂದ್ರದ ಪಾಲು) 900, ಇನ್‌ಪುಟ್ ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 900 ಡೆಬಿಟ್. ಕೊಟ್ಟವರಿಗೆ 11,800 ಕ್ರೆಡಿಟ್. ಅದೇ ಮಾಲು ತಮಿಳುನಾಡಿನ ಹೊಸೂರಿನಿಂದ ಬಂದರೆ ರಾಜ್ಯದ ಗಡಿ ದಾಟಿತು, ಆಗ ಐಜಿಎಸ್‌ಟಿ 1,800 ಅಂತ ಒಂದೇ ಸಾಲು. ತೆರಿಗೆಯನ್ನು ಖರೀದಿಯ ಜೊತೆ ಸೇರಿಸಿ 11,800 ಅಂತ ಬರೆಯುವುದು ನಮ್ಮ ಕ್ಲಾಸಿನಲ್ಲಿ ಎಲ್ಲರೂ ಮಾಡಿದ ತಪ್ಪು. ಆ 1,800ನ್ನು ಅಂಗಡಿಯವರು ಮುಂದೆ ತಾವು ಕಟ್ಟುವ ತೆರಿಗೆಯಿಂದ ಕಳೆಯಬಹುದು, ಹಾಗಾಗಿ ಅದು ಮಾಲಿನ ಬೆಲೆಯಲ್ಲ.

ತಾಳೆ ಆಗದಿದ್ದರೆ ಎಲ್ಲವನ್ನೂ ಹೊಡೆದುಹಾಕಿ ಮೊದಲಿಂದ ಬರೆಯಬೇಡಿ. ಎರಡು ಕಡೆಯ ವ್ಯತ್ಯಾಸ ತೆಗೆದು, 9ರಿಂದ ಭಾಗಿಸಿ ನೋಡಿ. ಶೇಷ ಉಳಿಯದಿದ್ದರೆ ಎಲ್ಲೋ ಅಂಕಿ ಅದಲುಬದಲಾಗಿರುವ ಸಾಧ್ಯತೆ ಇದೆ. 5,420ನ್ನು 4,520 ಅಂತ ಬರೆದರೆ ವ್ಯತ್ಯಾಸ 900. ಅದಾಗದಿದ್ದರೆ ವ್ಯತ್ಯಾಸದ ಅರ್ಧ ಹುಡುಕಿ. 700 ವ್ಯತ್ಯಾಸ ಇದ್ದು, ಪಟ್ಟಿಯಲ್ಲಿ 350ರ ಒಂದು ಸಾಲು ಇದ್ದರೆ ಅದು ತಪ್ಪು ಕಡೆ ಕೂತಿರಬಹುದು. ಪರೀಕ್ಷೆಯಲ್ಲಿ ಕೊನೆಯ ಹತ್ತು ನಿಮಿಷ ಉಳಿದಾಗ ಇದು ನನ್ನನ್ನು ಒಂದಕ್ಕಿಂತ ಹೆಚ್ಚು ಸಲ ಕಾಪಾಡಿದೆ. ಎರಡು ತಪ್ಪು ಒಂದನ್ನೊಂದು ಮುಚ್ಚಿದ್ದರೆ, ಅಥವಾ ಬಾಡಿಗೆಯನ್ನು ಮಿಷನ್ ಖಾತೆಗೆ ಹಾಕಿದ್ದರೆ ಪಟ್ಟಿ ತಾಳೆ ಆದರೂ ಲೆಕ್ಕ ತಪ್ಪೇ, ಅದೂ ನೆನಪಿರಲಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ: ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಉತ್ತರ ಕನ್ನಡದಲ್ಲಿ ಬರೆಯಬಹುದು. ಪಾಠ ಇಂಗ್ಲಿಷಿನಲ್ಲಿ ನಡೆದರೆ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಎರಡು ಕಾಲಂ ಮಾಡಿ. ಜರ್ನಲ್ ಎದುರು ದಿನಚರಿ, ಲೆಡ್ಜರ್ ಎದುರು ಖಾತೆ ಪುಸ್ತಕ, ಬ್ಯಾಲೆನ್ಸ್ ಶೀಟ್ ಎದುರು ಆಸ್ತಿ-ಜವಾಬ್ದಾರಿ ಪಟ್ಟಿ. ನಮ್ಮ ಬೆಂಚಿನ ಗೆಳತಿ ಹಾಗೆ ಮಾಡಿದಳು. ಎರಡನೇ ಸೆಮಿಸ್ಟರಿನಲ್ಲಿ ಕ್ಲಾಸಿನ ಅರ್ಧ ಜನ ಅವಳ ಆ ಪುಟಗಳ ಫೋಟೋ ತೆಗೆದುಕೊಂಡಿದ್ದರು.

ಸೀಟು ಆಗಿ ಕ್ಲಾಸ್ ಶುರುವಾಗುವವರೆಗೆ ಕೆಲವು ವಾರ ಸಿಗುತ್ತವೆ. ಎನ್‌ಸಿಇಆರ್‌ಟಿಯ 11ನೇ ತರಗತಿ ಅಕೌಂಟೆನ್ಸಿ ಪುಸ್ತಕ ಎರಡು ಭಾಗದಲ್ಲಿದೆ, ಅವರ ವೆಬ್‌ಸೈಟಿನಲ್ಲಿ ಉಚಿತ. ಕನ್ನಡದಲ್ಲೇ ಬೇಕಾದವರು ಪರಿಚಯದವರಿಂದ ಪ್ರಥಮ ಪಿಯುಸಿ ಪುಸ್ತಕ ತನ್ನಿ. ದಿನಕ್ಕೆ ಐದು ವ್ಯವಹಾರ ಸಾಕು: ಒಂದೊಂದನ್ನೂ ಡೆಬಿಟ್-ಕ್ರೆಡಿಟ್ ಸಾಲಾಗಿ ಜರ್ನಲ್ ಎಂಟ್ರಿ ಬರೆಯಿರಿ, ಆಮೇಲೆ ಖಾತೆವಾರು ಲೆಡ್ಜರ್‌ಗೆ ಹಾಕಿ, ವಾರದ ಕೊನೆಗೆ ತಾಳೆ ನೋಡಿ. ಫೈನಲ್ ಅಕೌಂಟ್ಸ್‌ನ ಒಂದೇ ಒಂದು ಪೂರ್ತಿ ಲೆಕ್ಕವನ್ನು, ಕೊನೆಯ ಹೊಂದಾಣಿಕೆಗಳ ಸಮೇತ, ಪುಸ್ತಕ ಮುಚ್ಚಿ ಮಾಡಲು ಬಂದರೆ ಮೊದಲ ದಿನ ನೀವೂ ಧೈರ್ಯವಾಗಿ ತಲೆಯಾಡಿಸಬಹುದು.