ಎಚ್‌ಐವಿ ಮತ್ತು ಉಬ್ಬಸ: ಎರಡು ಔಷಧ ಚೀಟಿಗಳ ನಡುವಿನ ಶ್ವಾಸಕೋಶ

ಎಚ್‌ಐವಿ ಸೋಂಕಿರುವವರಿಗೆ ಉಬ್ಬಸ ಕಾಣಿಸಿಕೊಂಡರೆ ಅದು ಕ್ಷಯವೋ, ನ್ಯುಮೋನಿಯಾವೋ, ಬೀಡಿ ಸೇದಿದ್ದರ ಫಲವೋ, ಬರೀ ಅಸ್ತಮಾವೋ ಎಂಬ ಪ್ರಶ್ನೆಗೆ ಇಂದಿಗೂ ಸುಲಭದ ಉತ್ತರವಿಲ್ಲ. ಈ ಗೋಜಲು ಹೊಸದಲ್ಲ. ಎಚ್‌ಐವಿಯಿಂದ ಬರುವ ಏಡ್ಸ್ ಲೋಕದ ಗಮನಕ್ಕೆ ಬಂದದ್ದೇ ಶ್ವಾಸಕೋಶದ ಮೂಲಕ. 1981ರ ಜೂನ್ 5ರಂದು ಅಮೆರಿಕದ ಆರೋಗ್ಯ ವಾರಪತ್ರಿಕೆಯೊಂದು ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ತಗುಲಿದ್ದ ನ್ಯುಮೋಸಿಸ್ಟಿಸ್ ಎಂಬ ವಿರಳ ನ್ಯುಮೋನಿಯಾವನ್ನು ವರದಿ ಮಾಡಿತು. 1986ರಲ್ಲಿ ಚೆನ್ನೈನಲ್ಲಿ ಭಾರತದ ಮೊದಲ ಸೋಂಕುಗಳು ಪತ್ತೆಯಾದವು, 1996ರ ಹೊತ್ತಿಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದಿತು, 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಉಚಿತ ಎಆರ್‌ಟಿ, ಅಂದರೆ ವೈರಸ್ಸನ್ನು ಹತ್ತಿಕ್ಕುವ ಔಷಧ ಚಿಕಿತ್ಸೆ, ಆರಂಭವಾಯಿತು. ಅಲ್ಲಿಯವರೆಗೆ ರೋಗಿಯ ಎದೆಯಲ್ಲಿ ವೈದ್ಯರು ಹುಡುಕುತ್ತಿದ್ದುದು ಪ್ರಾಣ ತೆಗೆಯುವ ಸೋಂಕನ್ನು, ಅದರಲ್ಲೂ ಕ್ಷಯವನ್ನು. ಉಬ್ಬಸದ ಕಡೆ ಗಮನ ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಅಸ್ತಮಾ ಮತ್ತು ಎಚ್‌ಐವಿ ಒಟ್ಟಿಗಿರುವುದು ಅಪರೂಪವೆಂಬ ಊಹೆಯೂ ಆಗ ಇತ್ತು. ಅಸ್ತಮಾದಲ್ಲಿ ಶ್ವಾಸನಾಳಗಳನ್ನು ಕೆರಳಿಸುವುದರಲ್ಲಿ ಸಿಡಿ4 ಎಂಬ ರೋಗನಿರೋಧಕ ಕೋಶಗಳ ಒಂದು ವರ್ಗದ ಪಾತ್ರ ದೊಡ್ಡದು; ವೈರಸ್ ಕೊಲ್ಲುವುದು ಸಿಡಿ4 ಕೋಶಗಳನ್ನೇ ಆದ್ದರಿಂದ ಅಸ್ತಮಾ ಕಡಿಮೆಯಾಗಬೇಕಲ್ಲವೇ ಎಂಬುದು ಆ ತರ್ಕ. ಚಿಕಿತ್ಸೆಯಿಂದ ಆಯಸ್ಸು ಹೆಚ್ಚಿದ ಮೇಲೆ ಕಂಡದ್ದು ಬೇರೆ. ಸಿಡಿ4 ಚೇತರಿಸಿಕೊಂಡ ಕೆಲವು ಮಕ್ಕಳಲ್ಲಿ ಅಸ್ತಮಾ ಹೆಚ್ಚಾಗಿ ಕಾಣಿಸಿತು. ವಯಸ್ಕರಲ್ಲಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಾಗಲೂ ಶ್ವಾಸನಾಳಗಳ ಉರಿಯೂತ ಉಳಿಯುವುದುಂಟೆಂದು ತಿಳಿಯಿತು. ಇದರ ಜೊತೆಗೆ, ಕ್ಷಯ ವಾಸಿಯಾದ ನಂತರವೂ ಶ್ವಾಸಕೋಶದಲ್ಲಿ ಉಳಿದ ಗಾಯದಿಂದ ಬರುವ ದಮ್ಮು ಅಸ್ತಮಾದಂತೆಯೇ ತೋರುತ್ತದೆ. ಇವನ್ನು ಬೇರ್ಪಡಿಸಲು ನೆರವಾಗುವುದು ಸ್ಪೈರೋಮೆಟ್ರಿ, ಅಂದರೆ ಕೊಳವೆಯೊಳಗೆ ಜೋರಾಗಿ ಊದಿಸಿ ಉಸಿರಿನ ವೇಗವನ್ನು ಅಳೆಯುವ ಸರಳ ಪರೀಕ್ಷೆ. ಸಿಡಿ4 ಮತ್ತು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಲೆಕ್ಕಕ್ಕೆ ಸಿಕ್ಕ ಮಹತ್ವ ಈ ಪರೀಕ್ಷೆಗೆ ಎಂದೂ ಸಿಗಲಿಲ್ಲ.

ಆದರೆ ಈ ಚರಿತ್ರೆಯಲ್ಲಿ ಹೆಚ್ಚು ನಿಧಾನಿಸಿ ನೋಡಬೇಕಾದ ಘಟ್ಟ ಔಷಧಗಳದ್ದು. ಮೊದಲ ಹಂತದ ಮಾತ್ರೆಗಳು ಫಲ ಕೊಡದಿದ್ದಾಗ ಎರಡನೆಯ ಹಂತದಲ್ಲಿ ಅಟಜನಾವಿರ್ ಅಥವಾ ಲೋಪಿನಾವಿರ್ ಕೊಡುವುದು ವಾಡಿಕೆಯಾಯಿತು. ಅವುಗಳ ಜೊತೆ ಅಲ್ಪ ಪ್ರಮಾಣದಲ್ಲಿ ರಿಟೊನಾವಿರ್ ಇರುತ್ತದೆ. ಅದರ ಕೆಲಸ ವೈರಸ್ಸನ್ನು ಹೊಡೆಯುವುದಲ್ಲ. ಔಷಧಗಳನ್ನು ಕರಗಿಸುವ ಯಕೃತ್ತಿನ ಒಂದು ಕಿಣ್ವವನ್ನು ತಡೆದು, ಜೊತೆಗಿರುವ ಮಾತ್ರೆಯ ಪ್ರಭಾವ ಹೆಚ್ಚು ಹೊತ್ತು ಉಳಿಯುವಂತೆ ಮಾಡುವುದು. ಅಸ್ತಮಾ ಪಂಪ್‌ನಲ್ಲಿರುವ ಫ್ಲುಟಿಕಾಸೋನ್ ಮತ್ತು ಬುಡೆಸೊನೈಡ್ ಎಂಬ ಸ್ಟೀರಾಯ್ಡ್‌ಗಳನ್ನು ದೇಹ ಹೊರಹಾಕುವುದೂ ಅದೇ ಕಿಣ್ವದಿಂದ. ದಾರಿ ಮುಚ್ಚಿದಾಗ, ಶ್ವಾಸನಾಳಕ್ಕೆಂದು ಎಳೆದುಕೊಂಡ ಸಣ್ಣ ಪ್ರಮಾಣವೇ ದಿನದಿನಕ್ಕೆ ರಕ್ತದಲ್ಲಿ ಸೇರುತ್ತ ಹೋಗುತ್ತದೆ.

ಕೆಲವು ವಾರ ಅಥವಾ ತಿಂಗಳುಗಳಲ್ಲಿ ಮುಖ ದುಂಡಗಾಗಿ ಊದುತ್ತದೆ, ಹೊಟ್ಟೆ ದಪ್ಪವಾಗಿ ಕೈಕಾಲು ಸೊರಗುತ್ತವೆ, ಚರ್ಮದ ಮೇಲೆ ಕೆನ್ನೇರಳೆ ಗೆರೆಗಳು ಮೂಡುತ್ತವೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ. ಹಳೆಯ ಎಚ್‌ಐವಿ ಮಾತ್ರೆಗಳಿಂದಲೂ ದೇಹದ ಕೊಬ್ಬು ಹೀಗೆಯೇ ಸ್ಥಳ ಬದಲಿಸುತ್ತಿದ್ದುದರಿಂದ ಎಷ್ಟೋ ಸಲ ಎರಡನ್ನೂ ಒಂದೆಂದೇ ತಿಳಿಯಲಾಗುತ್ತಿತ್ತು. ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿರುವಾಗ, ದೇಹದೊಳಗೇ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ. ಊತಕ್ಕೆ ಹೆದರಿ ಪಂಪನ್ನು ಒಮ್ಮೆಲೇ ಬಿಟ್ಟವರಿಗೆ ವಾಂತಿ, ತೀವ್ರ ಸುಸ್ತು, ರಕ್ತದೊತ್ತಡ ಕುಸಿತ ಉಂಟಾಗಿ ಜೀವಕ್ಕೇ ಅಪಾಯವಾಗಬಹುದು.

ಈ ಅಪಾಯ 2000ದ ದಶಕದಿಂದಲೇ ವೈದ್ಯಕೀಯ ವಲಯದಲ್ಲಿ ತಿಳಿದ ಸಂಗತಿ. ಹಾಗಿದ್ದೂ ಅದು ಮರುಕಳಿಸುವುದಕ್ಕೆ ಕಾರಣ ಜ್ಞಾನದ ಕೊರತೆಯೊಂದೇ ಅಲ್ಲ. ಮಾತ್ರೆಗಳ ವಿವರವಿರುವ ಎಆರ್‌ಟಿ ಕೇಂದ್ರದ ಪುಸ್ತಕ ಮನೆಯ ಕಪಾಟಿನಲ್ಲಿರುತ್ತದೆ, ಉಬ್ಬಸಕ್ಕೆ ತೋರಿಸುವುದು ಬೇರೆ ದವಾಖಾನೆಯಲ್ಲಿ, ಮತ್ತು ಅಲ್ಲಿ ಸೋಂಕಿನ ವಿಷಯ ಬಾಯಿಬಿಡಲು ಅಳುಕು. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯಿದೆ ತಾರತಮ್ಯವನ್ನು ನಿಷೇಧಿಸುತ್ತದೆ, ಗೋಪ್ಯತೆಯನ್ನು ಕಾಯುತ್ತದೆ. ಆದರೂ ಸರದಿಯಲ್ಲಿ ಹತ್ತು ಜನರ ನಡುವೆ ನಿಂತವರಿಗೆ ‘ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ’ ಎಂಬ ಪ್ರಶ್ನೆಗೆ ಉತ್ತರಿಸುವುದು ಕಷ್ಟವೇ. ಆ ಪ್ರಶ್ನೆ ಕೇಳಲು ಬಾಗಿಲು ಮುಚ್ಚಿದ ಒಂದು ಕೋಣೆ ಬೇಕು.

ಈಗ ಮೊದಲ ಹಂತದಲ್ಲಿ ಕೊಡುವ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆಗೆ ಪಂಪ್‌ನ ಸ್ಟೀರಾಯ್ಡ್‌ನೊಡನೆ ಈ ತೊಡಕಿಲ್ಲ. ರಿಟೊನಾವಿರ್ ಅಥವಾ ಅದರಂತೆಯೇ ಕೆಲಸ ಮಾಡುವ ಕೋಬಿಸಿಸ್ಟಾಟ್ ಇರುವ ಮಾತ್ರೆ ನುಂಗುವವರಿಗೆ ಮಾತ್ರ ಎಚ್ಚರಿಕೆ ಹಾಗೆಯೇ ಉಳಿದಿದೆ: ಅವರಿಗೆ ಸಾಮಾನ್ಯವಾಗಿ ಬೆಕ್ಲೊಮೆಥಾಸೋನ್ ಪಂಪ್ ಹೆಚ್ಚು ಸುರಕ್ಷಿತ, ಸಾಲ್ಮೆಟೆರಾಲ್ ಬೆರೆತ ಪಂಪ್ ಹೃದಯಕ್ಕೆ ಅಪಾಯಕಾರಿಯಾಗಬಹುದು, ಮತ್ತು ಬಳಕೆಯಲ್ಲಿರುವ ಪಂಪನ್ನು ಬದಲಿಸುವುದಾಗಲಿ ನಿಲ್ಲಿಸುವುದಾಗಲಿ ವೈದ್ಯರ ನಿಗಾದಲ್ಲೇ ನಡೆಯಬೇಕು.